ಮುಂಚಕ್ರ ಎತ್ತುವ ತಮ್ಮಂದಿರಿಗೆ

ಬಳ್ಳಾರಿ ರಸ್ತೆಯಲ್ಲಿ, ತುಮಕೂರು ಹೆದ್ದಾರಿಯಲ್ಲಿ, ಊರ ಹೊರಗಿನ ಫ್ಲೈಓವರ್‌ಗಳ ಮೇಲೆ ರಾತ್ರಿ ಹೊತ್ತು ವೀಲಿಂಗ್ ಮಾಡುವ ತಮ್ಮಂದಿರೇ,

ಪತ್ರಿಕೆಗಳು ನಿಮ್ಮನ್ನು ಪುಂಡರು ಎನ್ನುತ್ತವೆ. ಪೊಲೀಸರು ನಿಮ್ಮ ಗಾಡಿಗಳನ್ನು ಠಾಣೆಯ ಮುಂದೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸುತ್ತಾರೆ. ರೀಲ್ಸ್ ನೋಡುವ ಗೆಳೆಯರು ಕೆಳಗೆ ಬೆಂಕಿಯ ಚಿತ್ರ ಒತ್ತಿ ಮುಂದೆ ಹೋಗುತ್ತಾರೆ. ಬೈಯುವವರೂ ಹೊಗಳುವವರೂ ಸೇರಿ ನಿಮ್ಮ ತಲೆಯಲ್ಲಿ ಒಂದೇ ಮಾತು ತುಂಬಿದ್ದಾರೆ: ನೀವು ಮಾಡುತ್ತಿರುವುದು ಎಲ್ಲರ ಕೈಲೂ ಆಗದ, ಗುಂಡಿಗೆ ಇರುವವರ ಕೆಲಸ ಎಂದು. ನನ್ನ ತಕರಾರು ಇರುವುದೇ ಅಲ್ಲಿ. ಗಾಡಿಯ ಮುಂಚಕ್ರ ಎತ್ತುವುದು ಸುಲಭ. ಪವರ್ ಇರುವ ಗಾಡಿಯನ್ನು ಏಳಗೊಡದೆ ಅದರ ಪವರ್ ಪೂರ್ತಿ ರಸ್ತೆಗೆ ಇಳಿಸುವುದು ಕಷ್ಟ. ಜಗತ್ತಿನ ಒಳ್ಳೆಯ ಸವಾರರು ಇಡೀ ಜೀವಮಾನ ಕಲಿಯುವುದು ಆ ಎರಡನೆಯ ವಿದ್ಯೆಯನ್ನು.

ನಾನು ಪೊಲೀಸರ ಕಡೆಯವನಲ್ಲ, ನಿಮ್ಮ ಅಪ್ಪ ಹೇಳಿ ಬರೆಸಿದ ಪತ್ರವೂ ಇದಲ್ಲ. ಆರ್‌ಎಕ್ಸ್ 100ರ ಸದ್ದು ಕೇಳಿದರೆ ಈಗಲೂ ಮಾತು ನಿಲ್ಲಿಸಿ ತಿರುಗಿ ನೋಡುವ ತಲೆಮಾರಿನವನು ನಾನು. 98 ಸಿಸಿ, 11 ಕುದುರೆ ಶಕ್ತಿ, ನೂರು ಕೆ.ಜಿ. ಚಿಲ್ಲರೆ ತೂಕ. 1985ರಿಂದ 1996ರವರೆಗೆ ತಯಾರಾದ ಆ ಗಾಡಿಗೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಜನ ಕೇಳಿದಷ್ಟು ಬೆಲೆ ಕೊಡುತ್ತಾರೆ. ಅದರ ಪಿಕಪ್ಪಿಗೆ ಮುಂಚಕ್ರ ಹಗುರಾಗುವುದನ್ನು ಅನುಭವಿಸಿದವರಿಗೆ ನಿಮ್ಮ ಹುಚ್ಚು ಅರ್ಥವಾಗದೆ ಇರಲು ಸಾಧ್ಯವಿಲ್ಲ. ಆದ್ದರಿಂದ ಈ ಪತ್ರದಲ್ಲಿ ಉಪದೇಶ ಕಡಿಮೆ, ಗಾಡಿಯ ವಿಚಾರ ಜಾಸ್ತಿ.

ಮುಂಚಕ್ರ ಯಾಕೆ ಏಳುತ್ತದೆ ಎಂಬಲ್ಲಿಂದ ಶುರು ಮಾಡೋಣ. ಹಿಂದಿನ ಟೈರು ರಸ್ತೆಯನ್ನು ಹಿಂದಕ್ಕೆ ತಳ್ಳುತ್ತದೆ, ಗಾಡಿ ಮುಂದಕ್ಕೆ ಹೋಗುತ್ತದೆ. ಈ ತಳ್ಳಾಟ ನಡೆಯುವುದು ನೆಲಮಟ್ಟದಲ್ಲಿ. ಗಾಡಿಯದೂ ನಿಮ್ಮದೂ ಸೇರಿದ ತೂಕದ ಕೇಂದ್ರ ಇರುವುದು ನೆಲದಿಂದ ಎರಡು ಅಡಿಗೂ ಮೇಲೆ. ಬುಡವನ್ನು ಜೋರಾಗಿ ಮುಂದಕ್ಕೆ ನೂಕಿದಾಗ ಮೇಲಿನ ಭಾರ ಹಿಂದೆ ಉಳಿಯುತ್ತದೆ. ಹಿಂದುಗಡೆ ಹೆಚ್ಚು ಹೇರಿದ ಎತ್ತಿನ ಗಾಡಿಯ ಮೂಕಿ ಮೇಲೇಳುವ ಹಾಗೆ ಬೈಕಿನ ಮೂತಿ ಏಳುತ್ತದೆ. ಸ್ಪೋರ್ಟ್ಸ್ ಬೈಕುಗಳ ಎರಡು ಚಕ್ರಗಳ ನಡುವಿನ ಅಂತರ ಸಾಮಾನ್ಯವಾಗಿ 1,400 ಮಿ.ಮೀ. ಆಸುಪಾಸು, ಯಮಹಾ ಆರ್1ರದು 1,405. ತೂಕದ ಕೇಂದ್ರ ಹೆಚ್ಚುಕಡಿಮೆ ನಡುವೆ, ಅಂದರೆ ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ 700 ಮಿ.ಮೀ. ಮುಂದೆ. ಸವಾರ ಕೂತ ಮೇಲೆ ಅದರ ಎತ್ತರವೂ ಸುಮಾರು ಅಷ್ಟೇ. ಎರಡೂ ಅಳತೆ ಸಮವಾದರೆ ಲೆಕ್ಕ ಬಹಳ ಸರಳ. ಗಾಡಿಯ ಪಿಕಪ್ ಭೂಮಿಯ ಗುರುತ್ವದಷ್ಟಾದ ಗಳಿಗೆಯಲ್ಲಿ, ಅಂದರೆ ಪ್ರತಿ ಸೆಕೆಂಡಿಗೂ ವೇಗ ಗಂಟೆಗೆ 35 ಕಿ.ಮೀ.ನಷ್ಟು ಏರತೊಡಗಿದಾಗ, ಮುಂಚಕ್ರ ನೆಲ ಬಿಡುತ್ತದೆ.

ಈ ಲೆಕ್ಕದಲ್ಲಿ ಎಂಜಿನ್ನಿನ ಮಾತೇ ಬರಲಿಲ್ಲ, ಗಮನಿಸಿದಿರಾ? ನೂರು ಕುದುರೆ ಶಕ್ತಿ ಇರಲಿ, ಇನ್ನೂರು ಇರಲಿ, ಮಿತಿ ಅದೇ. ಆ ಮಿತಿಯಲ್ಲೇ ಒಂದೇ ಸಮನೆ ಹೋದರೆ ನಿಂತಲ್ಲಿಂದ ನೂರರ ವೇಗ ಮುಟ್ಟಲು 2.8 ಸೆಕೆಂಡು ಬೇಕು. 1969ರ ಹೋಂಡಾ ಸಿಬಿ 750ಕ್ಕೆ ಇದ್ದದ್ದು 67 ಕುದುರೆ ಶಕ್ತಿ. ಇಂದಿನ ಬಿಎಂಡಬ್ಲ್ಯು ಎಸ್ 1000 ಆರ್‌ಆರ್‌ಗೆ ಇನ್ನೂರು ದಾಟಿದೆ. ಪವರ್ ಮೂರು ಪಟ್ಟಾದರೂ ಸೂಪರ್‌ಬೈಕುಗಳು ಸೊನ್ನೆಯಿಂದ ನೂರಕ್ಕೆ ಮೂರು ಸೆಕೆಂಡಿನ ಆಸುಪಾಸಿನಲ್ಲೇ ನಿಂತುಬಿಟ್ಟಿರುವುದು ಇದೇ ಕಾರಣಕ್ಕೆ. ಕೆಳಗಿನ ಗೇರುಗಳಲ್ಲಿ ಎಷ್ಟು ಪವರ್ ಬಳಸಬಹುದು ಎಂದು ತೀರ್ಮಾನ ಮಾಡುವುದು ಮುಂಚಕ್ರ.

ಹಾಗಾಗಿ ರೇಸಿನವರಿಗೆ ವೀಲಿಂಗ್ ಎಂದರೆ ನಷ್ಟ. ಚಕ್ರ ಎದ್ದಾಗ ಆಕ್ಸಿಲರೇಟರ್ ಇಳಿಸಬೇಕು; ಇಳಿಸಿದ ಕ್ಷಣದಲ್ಲಿ ಪಕ್ಕದವನು ಮುಂದೆ ಹೋಗುತ್ತಾನೆ. ಮೋಟೊಜಿಪಿಯಲ್ಲಿ ಇದನ್ನು ತಡೆಯಲು ಕಂಪನಿಗಳು ಸುರಿದಿರುವ ದುಡ್ಡು ನೋಡಿದರೆ ನಿಮಗೆ ನಗು ಬರಬಹುದು. ಡುಕಾಟಿಯವರು 2015ರಲ್ಲಿ ಬೈಕಿನ ಮೂತಿಗೆ ಪುಟ್ಟ ರೆಕ್ಕೆ ಕಟ್ಟಿದರು, ಗಾಳಿಯೇ ಮುಂಚಕ್ರವನ್ನು ನೆಲಕ್ಕೆ ಒತ್ತಲಿ ಎಂದು. ಈಗ ಎಲ್ಲ ತಂಡಗಳ ಬೈಕಿಗೂ ರೆಕ್ಕೆ ಇದೆ. ಆಮೇಲೆ ಓಟ ಶುರುವಾಗುವಾಗ, ತಿರುವಿನಿಂದ ಹೊರಬರುವಾಗ ಇಡೀ ಗಾಡಿಯನ್ನೇ ಕೆಳಕ್ಕೆ ಇಳಿಸುವ ಸಾಧನ ಬಂತು. ತೂಕದ ಕೇಂದ್ರ ತಗ್ಗಿದಷ್ಟೂ ಪಿಕಪ್ಪಿಗೆ ಅವಕಾಶ ಜಾಸ್ತಿ. ಅದು ಅತಿಯಾಯಿತೆಂದು 2027ರಿಂದ ಆ ಸಾಧನವನ್ನು ನಿಷೇಧಿಸಿದ್ದಾರೆ. 2023ರಲ್ಲಿ ಇಟಲಿಯ ಮುಜೆಲ್ಲೊ ಟ್ರ್ಯಾಕ್‌ನಲ್ಲಿ ಬ್ರ್ಯಾಡ್ ಬಿಂಡರ್ ಎಂಬ ಸವಾರ ಗಂಟೆಗೆ 366.1 ಕಿ.ಮೀ. ವೇಗ ಮುಟ್ಟಿದ್ದು ಮುಂಚಕ್ರವನ್ನು ನೆಲದಲ್ಲಿ ಇಟ್ಟುಕೊಂಡೇ. ರೇಸ್ ಗೆದ್ದವರು ಆಮೇಲೆ ಜನರ ಮುಂದೆ ಒಂದು ವೀಲಿಂಗ್ ಮಾಡುತ್ತಾರೆ, ನಿಜ. ನಿಮ್ಮ ಮೊಬೈಲಿಗೆ ಬರುವ ತುಣುಕು ಅದೊಂದೇ.

ಶೋರೂಮಿನ ಬೈಕುಗಳಿಗೂ ಇದೇ ಬುದ್ಧಿ ಬಂತು. 2011ರ ಹೊತ್ತಿಗೆ ಅಪ್ರಿಲಿಯಾ ಆರ್‌ಎಸ್‌ವಿ4ರಲ್ಲಿ ಮುಂಚಕ್ರ ಏಳದಂತೆ ತಡೆಯುವ ವೀಲಿ ಕಂಟ್ರೋಲ್ ಇತ್ತು. 2015ರ ಆರ್1 ಬಂದಾಗ ಗಾಡಿ ಎಷ್ಟು ವಾಲಿದೆ, ಮೂತಿ ಎಷ್ಟು ಎದ್ದಿದೆ ಎಂದು ಎಡೆಬಿಡದೆ ಅಳೆಯುವ ಸೆನ್ಸರ್ ಅದರ ಹೊಟ್ಟೆಯಲ್ಲಿತ್ತು. ಬೆಂಗಳೂರಿನಿಂದ ಒಂದು ಹೆಜ್ಜೆ ದೂರದ ಹೊಸೂರಿನ ಟಿವಿಎಸ್ ಕೂಡ ಈಗ ತನ್ನ ಅಪಾಚೆ ಆರ್‌ಟಿಆರ್ 310ರಲ್ಲಿ ಅದನ್ನೆಲ್ಲ ಕೊಡುತ್ತಿದೆ. ಎಂಜಿನಿಯರುಗಳು ವರ್ಷಗಟ್ಟಲೆ ಕೂತು ಮಾಡಿದ ಈ ಕೆಲಸವನ್ನು ನೀವು ಮೊದಲ ಸರ್ವಿಸಿಗೂ ಮುಂಚೆ ಆಫ್ ಮಾಡುತ್ತೀರಿ. ಎಬಿಎಸ್ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೀರಿ.

ಆದರೆ ನಿಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಇನ್ನೂರು ಕುದುರೆ ಶಕ್ತಿಯ ಗಾಡಿ ಅಲ್ಲವಲ್ಲ! ಡಿಯೋ, ಪಲ್ಸರ್, ಆರ್15, ಹೆಚ್ಚೆಂದರೆ ಡ್ಯೂಕ್ 390. ಡಿಯೋದ ಶಕ್ತಿ ಎಂಟು ಕುದುರೆಯ ಆಸುಪಾಸು. ಅದು ಹೇಗೆ ಏಳುತ್ತದೆ? ಎಂಜಿನ್ ಹಿಂಚಕ್ರದ ಪಕ್ಕದಲ್ಲೇ ಇರುವುದರಿಂದ ಸ್ಕೂಟರಿನ ಮುಂಭಾಗ ಮೊದಲೇ ಹಗುರ. ಅದರ ಮೇಲೆ ಹಿಂದಕ್ಕೆ ಸರಿದು ಕೂತು ಹ್ಯಾಂಡಲ್ ಜಗ್ಗುತ್ತೀರಿ, ಇಲ್ಲವೇ ಹಿಂದೆ ಗೆಳೆಯನನ್ನು ಕೂರಿಸಿಕೊಳ್ಳುತ್ತೀರಿ. ಅವನು ಕೂರುವುದು ಹಿಂಚಕ್ರದ ನೆತ್ತಿಯ ಮೇಲೆ. ತೂಕದ ಕೇಂದ್ರ ಹಿಂದಕ್ಕೂ ಮೇಲಕ್ಕೂ ಸರಿಯಿತು. ಮುಂಚಕ್ರ ಏಳಲು ಬೇಕಾದ ಪಿಕಪ್ ಗುರುತ್ವದಷ್ಟಿದ್ದದ್ದು ಅದರ ಅರ್ಧದ ಹತ್ತಿರಕ್ಕೆ ಇಳಿಯಿತು. ಗಾಡಿ ಎತ್ತಿದ್ದು ಗೆಳೆಯನ ತೂಕ, ಕೀರ್ತಿ ನಿಮ್ಮ ಮಣಿಕಟ್ಟಿಗೆ. ಬಿದ್ದರೆ ಮೊದಲು ರಸ್ತೆಗೆ ಬಡಿಯುವುದು ಅವನ ತಲೆಯ ಹಿಂಭಾಗ, ಆ ತಲೆಯ ಮೇಲೆ ಹೆಲ್ಮೆಟ್ಟೂ ಇರುವುದಿಲ್ಲ.

ಎದ್ದ ಮೇಲೆ ಏನಾಗುತ್ತದೆ ಎಂಬುದು ನಿಮ್ಮಲ್ಲಿ ಸ್ವಲ್ಪ ಕಲಿತವರಿಗೂ ಪೂರ್ತಿ ಗೊತ್ತಿರುವಂತೆ ಕಾಣುವುದಿಲ್ಲ. ಮೂತಿ ಮೇಲಕ್ಕೆ ಹೋದಂತೆ ತೂಕದ ಕೇಂದ್ರ ಹಿಂಚಕ್ರದ ಕಡೆ ಸರಿಯುತ್ತದೆ, ಜೊತೆಗೆ ಎತ್ತರವೂ ಏರುತ್ತದೆ. ಅಂದರೆ ಎತ್ತಲು ಬೇಕಾದ ಬಲಕ್ಕಿಂತ ಎತ್ತಿ ಹಿಡಿಯಲು ಬೇಕಾದ ಬಲ ಕಡಿಮೆ, ಕ್ಷಣಕ್ಷಣಕ್ಕೂ ಕಡಿಮೆಯಾಗುತ್ತಲೇ ಹೋಗುತ್ತದೆ. ನಾನು ಹೇಳಿದ ಅಳತೆಯ ಬೈಕು ಸುಮಾರು 45 ಡಿಗ್ರಿ ಎದ್ದಾಗ ಆ ಬಲ ಸೊನ್ನೆಯಾಗುತ್ತದೆ. ಅಲ್ಲಿಂದ ಆಚೆ ಗಾಡಿ ತನ್ನ ತೂಕಕ್ಕೇ ಹಿಂದಕ್ಕೆ ಮಗುಚುತ್ತದೆ. ಎತ್ತಿದಾಗ ಎಷ್ಟು ಆಕ್ಸಿಲರೇಟರ್ ಕೊಟ್ಟಿದ್ದಿರೋ ಅಷ್ಟನ್ನೇ ಹಿಡಿದು ಕೂತರೂ ಸಾಕು, ಏಳುವ ವೇಗ ಹೆಚ್ಚುತ್ತಲೇ ಇರುತ್ತದೆ. ಅಷ್ಟರಲ್ಲಿ ಮೈ ಹಿಂದಕ್ಕೆ ಜಾರುತ್ತದೆ. ಭಯಕ್ಕೆ ಮುಷ್ಟಿ ಬಿಗಿಯುತ್ತದೆ. ಮೈ ಹಿಂದೆ ಹೋದಾಗ ಮಣಿಕಟ್ಟು ತಾನಾಗಿ ಕೆಳಗೆ ಬಾಗಿ ಆಕ್ಸಿಲರೇಟರ್ ಇನ್ನಷ್ಟು ತಿರುಗುತ್ತದೆ. ಗಾಡಿ ಮಗುಚುವ ವಿಡಿಯೊಗಳನ್ನು ನಿಧಾನವಾಗಿ ಓಡಿಸಿ ನೋಡಿ, ಬಹಳಷ್ಟರಲ್ಲಿ ಕೊನೆಯ ಕ್ಷಣದಲ್ಲಿ ಎಂಜಿನ್ ಸದ್ದು ಏರಿರುತ್ತದೆ. ಆ ಹೊತ್ತಿನಲ್ಲಿ ಉಳಿಸುವುದು ಹಿಂದಿನ ಬ್ರೇಕ್ ಒಂದೇ. ಕಸುಬು ಬಲ್ಲವರ ಬಲಗಾಲು ಆ ಪೆಡಲಿನ ಮೇಲಿಂದ ಕದಲುವುದಿಲ್ಲ. ನೀವು ಕಾಲು ಅಗಲಿಸಿ ಗಾಳಿಯಲ್ಲಿ ಬಿಟ್ಟಿರುತ್ತೀರಿ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆಂದು.

ಗಾಡಿ ಮಗುಚಲಿಲ್ಲ ಎಂದೇ ಇಟ್ಟುಕೊಳ್ಳೋಣ. ಸ್ಪೋರ್ಟ್ಸ್ ಬೈಕನ್ನು ಜೋರಾಗಿ ನಿಲ್ಲಿಸುವಾಗ ಕೆಲಸದ ಬಹುಪಾಲು ಮುಂದಿನ ಬ್ರೇಕಿನದು. ಚಕ್ರ ಗಾಳಿಯಲ್ಲಿದ್ದಾಗ ಅದು ಇದ್ದೂ ಇಲ್ಲ. ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಕಣ್ಣ ಮುಂದೆ ಹೆಡ್‌ಲೈಟ್ ಆಕಾಶ ನೋಡುತ್ತಿರುತ್ತದೆ, ರಸ್ತೆ ಕಾಣುವುದಿಲ್ಲ. ಅರವತ್ತರ ವೇಗದಲ್ಲಿ ಸೆಕೆಂಡಿಗೆ ಹದಿನಾರು ಮೀಟರಿಗೂ ಮೇಲೆ ಹೋಗುತ್ತಿರುತ್ತೀರಿ. ಫ್ಲೈಓವರಿನಲ್ಲಿ ಸ್ಲ್ಯಾಬುಗಳು ಕೂಡುವ ಕಡೆಯೆಲ್ಲ ಕಬ್ಬಿಣದ ಜಾಯಿಂಟ್ ಇರುತ್ತದೆ, ನಮ್ಮ ಊರಿನಲ್ಲಿ ಅದು ರಸ್ತೆಯ ಮಟ್ಟಕ್ಕೆ ಇರುವುದು ಅಪರೂಪ. ಹಿಂಚಕ್ರ ಅದರ ಮೇಲೆ ಹಾದಾಗ ಗಾಡಿ ಕುಪ್ಪಳಿಸುತ್ತದೆ. ಇಳಿಯುವಾಗ ಮುಂಚಕ್ರ ಕೂದಲೆಳೆಯಷ್ಟು ಓರೆಯಾಗಿದ್ದರೂ ನೆಲ ಮುಟ್ಟಿದ ಕೂಡಲೇ ಹ್ಯಾಂಡಲ್ ಎಡಬಲಕ್ಕೆ ಹೊಡೆದುಕೊಳ್ಳಲು ಶುರು ಮಾಡುತ್ತದೆ. ಅದನ್ನು ಕೈಬಲದಿಂದ ಹಿಡಿದು ನಿಲ್ಲಿಸಿದವರನ್ನು ನಾನು ಕಂಡಿಲ್ಲ.

ಗಾಡಿಯ ಪಾಡನ್ನು ನಿಮ್ಮ ಮೆಕ್ಯಾನಿಕ್ ಹೇಳುತ್ತಾನೆ. ಫೋರ್ಕಿನ ಆಯಿಲ್ ಸೀಲ್ ಸೋರುತ್ತದೆ, ಕೋನ್‌ಸೆಟ್ ಹೋಗುತ್ತದೆ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಇದಕ್ಕಿಂತ ಮೋಸದ್ದು ಎಂಜಿನ್ನಿನ ಒಳಗೆ. ಮೂತಿ ಮೇಲಿಟ್ಟು ಬಹಳ ಹೊತ್ತು ಹೋದರೆ ಆಯಿಲೆಲ್ಲ ಹಿಂದಕ್ಕೆ ಸರಿಯುತ್ತದೆ, ಪಂಪು ಆಯಿಲಿನ ಬದಲು ಗಾಳಿ ಎಳೆಯುತ್ತದೆ. ಬೇರಿಂಗುಗಳು ಒಣಗಿ ಉಜ್ಜುತ್ತವೆ. ಅಪ್ಪ ಕಂತು ಕಟ್ಟುತ್ತಿರುವ ಗಾಡಿಯ ಎಂಜಿನ್ನನ್ನು ಕಂತು ಮುಗಿಯುವ ಮೊದಲೇ ಬಿಚ್ಚಬೇಕಾಗುತ್ತದೆ.

ಹಾಗಾದರೆ ಪವರ್ ಆಳುವುದು ಅಂದರೆ ಏನು? ಈ ಪ್ರಶ್ನೆ ನಿಮ್ಮ ಗುಂಪಿನಲ್ಲಿ ಒಬ್ಬನಾದರೂ ಕೇಳಿದರೆ ನನಗೆ ಬಹಳ ಖುಷಿ.

ಮೊದಲನೆಯದು ಬಲಗೈ. ಆಕ್ಸಿಲರೇಟರನ್ನು ಸ್ವಿಚ್ಚಿನ ಹಾಗೆ ಬಳಸುವ ಅಭ್ಯಾಸ ಸಣ್ಣ ಗಾಡಿಯಲ್ಲಿ ಬಂದಿರುತ್ತದೆ, ಏಕೆಂದರೆ 125 ಸಿಸಿ ಗಾಡಿಯಲ್ಲಿ ಪೂರ್ತಿ ತಿರುಗಿಸಿದರೂ ದೊಡ್ಡದೇನೂ ಆಗುವುದಿಲ್ಲ. ಅದೇ ಕೈ 390ರ ಮೇಲೆ, ಆಮೇಲೆ 650ರ ಮೇಲೆ ಬಂದಾಗ ಗಾಡಿ ಸಿಟ್ಟಾಗುತ್ತದೆ. ಟೈರಿಗೆ ಹಿಡಿತ ಹುಟ್ಟುವುದು ಅದರ ಮೇಲೆ ಭಾರ ಬಿದ್ದಾಗ. ಆಕ್ಸಿಲರೇಟರ್ ಮೆಲ್ಲನೆ ಶುರು ಮಾಡಿದರೆ ಹಿಂದಿನ ಸಸ್ಪೆನ್ಷನ್ ಕುಳಿತು ಭಾರ ಟೈರಿಗೆ ಇಳಿಯುತ್ತದೆ. ಆಮೇಲೆ ನೀವು ಕೇಳಿದಷ್ಟು ಬಲವನ್ನು ಅದು ತಡೆದುಕೊಳ್ಳುತ್ತದೆ. ಮೊದಲೇ ಒದ್ದರೆ ಟೈರು ಜಾರುತ್ತದೆ ಅಥವಾ ಮೂತಿ ಏಳುತ್ತದೆ. ಮೊದಲ ಕಾಲು ಸೆಕೆಂಡು ನಿಧಾನ, ಆಮೇಲೆ ಜೋರು. ಒಳ್ಳೆಯ ಸವಾರರ ಹಿಂದೆ ಕೂತರೆ ಗೇರು ಯಾವಾಗ ಬದಲಾಯಿತು, ಆಕ್ಸಿಲರೇಟರ್ ಯಾವಾಗ ತೆರೆಯಿತು ಎಂದು ತಿಳಿಯುವುದೇ ಇಲ್ಲ. ಸ್ಪೀಡೋಮೀಟರ್ ನೋಡಿದಾಗ ಮಾತ್ರ ಎದೆ ಝಲ್ಲೆನ್ನುತ್ತದೆ.

ಎರಡನೆಯದು ಗೇರು. ಕೆಳಗಿನ ಗೇರಿನಲ್ಲಿ ಹಿಂಚಕ್ರಕ್ಕೆ ಹೋಗುವ ಬಲ ಹೆಚ್ಚು. ಒಂದನೇ ಗೇರಿನಲ್ಲಿ ಏಳುವ ಗಾಡಿ ಮೂರನೆಯದರಲ್ಲಿ ಅಷ್ಟೇ ಆಕ್ಸಿಲರೇಟರಿಗೆ ಶಾಂತವಾಗಿ ಮುಂದೆ ಹೋಗುತ್ತದೆ. ತಿರುವಿನಿಂದ ಹೊರಬರುವಾಗ ಒಂದು ಗೇರು ಮೇಲೆ ಇರುವುದು ಹೇಡಿತನವಲ್ಲ. ಗಾಡಿ ವಾಲಿರುವಾಗ ಟೈರಿನ ಹಿಡಿತದ ಒಂದು ಪಾಲು ತಿರುಗುವುದಕ್ಕೇ ಖರ್ಚಾಗಿರುತ್ತದೆ, ಉಳಿದದ್ದು ಮಾತ್ರ ಪಿಕಪ್ಪಿಗೆ. ಗಾಡಿಯನ್ನು ನೆಟ್ಟಗೆ ಮಾಡಿದಷ್ಟೂ ಕೈ ತಿರುಗಿಸಬಹುದು. ನಂದಿ ಬೆಟ್ಟದ ತಿರುವುಗಳಲ್ಲಿ ಭಾನುವಾರ ಬೆಳಗ್ಗೆ ಬೀಳುವವರನ್ನು ನೋಡಿ. ಅಲ್ಲಿ ರಸ್ತೆ ಬದಿಯ ಹುಲ್ಲಿನಲ್ಲಿ ಮಲಗಿರುವುದು ಬಹಳ ಸಲ ಹೊಸ ಟೈರಿನ ಹೊಸ ಗಾಡಿಯೇ.

ಮೂರನೆಯದು ಮೈ. ಟ್ಯಾಂಕಿನ ಕಡೆ ಬಾಗಿ ಎದೆ ತಗ್ಗಿಸಿ ಕೂತರೆ ಮುಂಚಕ್ರದ ಮೇಲೆ ಭಾರ ಉಳಿಯುತ್ತದೆ. ಹಿಡಿತ ತೊಡೆಯಲ್ಲಿರಬೇಕು, ಕೈ ಸಡಿಲವಾಗಿರಬೇಕು. ಹ್ಯಾಂಡಲಿಗೆ ಜೋತುಬಿದ್ದರೆ ಗಾಡಿಯ ಪ್ರತಿ ಎಳೆತವೂ ಮಣಿಕಟ್ಟಿನಿಂದ ಆಕ್ಸಿಲರೇಟರಿಗೆ ಹೋಗುತ್ತದೆ.

ದೊಡ್ಡ ಗಾಡಿಯನ್ನು ಹೊಸದಾಗಿ ಕೊಂಡವರಿಗೆ, ವೀಲಿಂಗಿನ ಆಸೆಯೇ ಇಲ್ಲದವರಿಗೂ, ಒಂದು ದಿನ ಮುಂಚಕ್ರ ತಾನಾಗಿ ಏಳುತ್ತದೆ. ಉಬ್ಬಿನ ಮೇಲೋ, ಓವರ್‌ಟೇಕ್ ಮಾಡುವಾಗಲೋ. ಆಗ ಗಾಬರಿಯಿಂದ ಆಕ್ಸಿಲರೇಟರ್ ಪೂರ್ತಿ ಮುಚ್ಚಬೇಡಿ. ಮೂತಿ ಧಡ್ ಎಂದು ಬೀಳುತ್ತದೆ. ಸ್ವಲ್ಪ ಮಾತ್ರ ಇಳಿಸಿ, ಹ್ಯಾಂಡಲ್ ನೆಟ್ಟಗಿರಲಿ, ಇನ್ನೂ ಏಳುತ್ತಿದೆ ಅನಿಸಿದರೆ ಹಿಂದಿನ ಬ್ರೇಕನ್ನು ಮೃದುವಾಗಿ ಒತ್ತಿ. ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಇದ್ದರೆ ಇದರಲ್ಲಿ ಅರ್ಧ ಕೆಲಸ ಅದೇ ಮಾಡಿರುತ್ತದೆ. ಮಳೆ ಬಂದಾಗ ರೇನ್ ಮೋಡ್ ಹಾಕಿಕೊಳ್ಳುವುದರಲ್ಲಿ ಅವಮಾನ ಏನೂ ಇಲ್ಲ.

ವೀಲಿಂಗ್ ಒಂದು ಕಲೆ, ನೀವು ಅದನ್ನು ಹೀನಾಯ ಮಾಡಬಾರದು ಎಂದು ನಿಮ್ಮಲ್ಲಿ ಕೆಲವರು ಹೇಳುವುದು ನನಗೆ ಗೊತ್ತು. ಒಪ್ಪುತ್ತೇನೆ. 1991ರಲ್ಲಿ ಜಪಾನಿನ ಯಾಸುಯುಕಿ ಕುಡೋ ಎಂಬಾತ ಮುಂಚಕ್ರ ಇಳಿಸದೆ 331 ಕಿ.ಮೀ. ಹೋದ. ಬೆಂಗಳೂರಿನಿಂದ ಚೆನ್ನೈಗೆ ಹತ್ತಿರ ಹತ್ತಿರ ಅಷ್ಟು ದೂರ. ಗಾಡಿ ಯಾವುದು ಅಂದುಕೊಂಡಿರಿ? ಹೋಂಡಾ ಟಿಎಲ್‌ಎಂ 220, ಬಂಡೆ ಹತ್ತುವ ಟ್ರಯಲ್ಸ್ ಆಟಕ್ಕೆ ಮಾಡಿದ ಬಡಕಲು ಗಾಡಿ. ಜಾಗ ವಾಹನ ಪರೀಕ್ಷೆಯ ಮುಚ್ಚಿದ ಟ್ರ್ಯಾಕ್. 2016ರಲ್ಲಿ ಟ್ರಯಲ್ಸ್ ವಿಶ್ವ ಚಾಂಪಿಯನ್ ಡೂಗಿ ಲ್ಯಾಂಪ್‌ಕಿನ್ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿನ 60 ಕಿ.ಮೀ. ದಾರಿಯನ್ನು ಒಂದೇ ಚಕ್ರದ ಮೇಲೆ ಸುತ್ತಿದ. ಗುಡ್ಡ ಹತ್ತಿ, ಗುಡ್ಡ ಇಳಿದು, ಒಂದೂವರೆ ಗಂಟೆಗೂ ಮೇಲೆ. ಅವನದೂ ಟ್ರಯಲ್ಸ್ ಗಾಡಿಯೇ. ಇಬ್ಬರ ಹತ್ತಿರವೂ ಇದ್ದದ್ದು ತೂಕ ತೂಗುವ ಮೈ, ಹಿಂದಿನ ಬ್ರೇಕಿನ ಮೇಲಿನ ಕಾಲು. ಸ್ಟಂಟನ್ನೇ ಕಸುಬು ಮಾಡಿಕೊಂಡವರು ಗಾಡಿಯ ಬಾಲಕ್ಕೆ ಕಬ್ಬಿಣದ ಬಾರ್ ಕಟ್ಟಿಸುತ್ತಾರೆ, ಮಗುಚುವ ಮೊದಲು ಅದು ನೆಲಕ್ಕೆ ತಾಗಲಿ ಎಂದು. ಎಂಜಿನ್ನಿಗೆ ಪಂಜರ ಹಾಕಿಸುತ್ತಾರೆ. ಎಡಗೈಗೆ ಇನ್ನೊಂದು ಹಿಂಬ್ರೇಕ್ ಇರುತ್ತದೆ. ಹಿಂದಿನ ಸ್ಪ್ರಾಕೆಟ್ ದೊಡ್ಡದು, ಅಂದರೆ ವೇಗ ಬಹಳ ಕಡಿಮೆ. ಬಹುಪಾಲು ಕಲಿಕೆ ಖಾಲಿ ಪಾರ್ಕಿಂಗ್ ಜಾಗದಲ್ಲಿ, ನೀವು ಸೈಕಲ್ ತುಳಿಯುವ ವೇಗದಲ್ಲಿ ನಡೆಯುತ್ತದೆ.

ಅಷ್ಟು ದೂರ ಯಾಕೆ, ನಿಮ್ಮ ಊರಿನವರನ್ನೇ ನೋಡಿ. ಸೇನೆಯ ಎಎಸ್‌ಸಿ ಟೊರ್ನೇಡೋಸ್ ತಂಡದ ಮನೆ ಬೆಂಗಳೂರು. 2017ರ ನವೆಂಬರ್ 19ರಂದು ಯಲಹಂಕ ವಾಯುನೆಲೆಯಲ್ಲಿ ಒಂದೇ 500 ಸಿಸಿ ರಾಯಲ್ ಎನ್‌ಫೀಲ್ಡ್ ಮೇಲೆ ಆ ತಂಡದ 58 ಮಂದಿ 1,200 ಮೀಟರ್ ಹೋಗಿ ವಿಶ್ವದಾಖಲೆ ಮಾಡಿದರು. ಗಾಡಿ ಓಡಿಸಿದವನ ಬಲಗೈ ಎಷ್ಟು ನಯವಾಗಿ ತಿರುಗಿರಬೇಕು, ಯೋಚಿಸಿ! ಸ್ವಲ್ಪ ಒದ್ದಿದ್ದರೂ ಹಿಂದಿನ ಅರ್ಧ ತಂಡ ರನ್‌ವೇ ಮೇಲೆ ಬೀಳುತ್ತಿತ್ತು. ನನ್ನ ಪ್ರಕಾರ ಈ ನಾಡಿನಲ್ಲಿ ಆಕ್ಸಿಲರೇಟರ್ ಹಿಡಿತಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಈಗ ರಸ್ತೆಯ ಮಾತು. ನಸುಕಿನಲ್ಲಿ ಬಳ್ಳಾರಿ ರಸ್ತೆ ಖಾಲಿ ಎಂದು ನಿಮಗನ್ನಿಸುತ್ತದೆ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಹೂವು ತರಕಾರಿ ಕೆ.ಆರ್. ಮಾರುಕಟ್ಟೆಗೆ ಬರುವುದು ಅದೇ ಹೊತ್ತಿನಲ್ಲಿ. ಹಾಲಿನ ಗಾಡಿಯವರು, ಪೇಪರ್ ಹಾಕುವ ಹುಡುಗರು, ಪೊರಕೆ ಹಿಡಿದ ಪೌರಕಾರ್ಮಿಕ ಹೆಂಗಸರು, ರಾತ್ರಿ ಪಾಳಿ ಮುಗಿಸಿ ಟಿವಿಎಸ್ ಎಕ್ಸ್‌ಎಲ್ ಮೇಲೆ ಮನೆಗೆ ಹೋಗುವ ಸೆಕ್ಯುರಿಟಿಯವರು. ಇವರಲ್ಲಿ ಒಬ್ಬರೂ ನಿಮ್ಮ ಆಟಕ್ಕೆ ಹೆಸರು ಕೊಟ್ಟಿಲ್ಲ. ನೀವು ಬಿದ್ದರೆ ನಿಮ್ಮ ಪಾಡು. ನಿಮ್ಮ ಗಾಡಿ ಜಾರಿಕೊಂಡು ಹೋಗಿ ಯಾರ ಕಾಲಿಗೆ ಬಡಿಯುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಜನರ ತಾಳ್ಮೆ ಹೋಗಿದೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಬಳಿ ಅಡಕಮಾರನಹಳ್ಳಿಯ ಫ್ಲೈಓವರಿನಿಂದ ಸಾರ್ವಜನಿಕರು ವೀಲಿಂಗ್ ಮಾಡುತ್ತಿದ್ದವರ ಎರಡು ಸ್ಕೂಟರುಗಳನ್ನು ಎತ್ತಿ ಕೆಳಕ್ಕೆ ಎಸೆದ ವಿಡಿಯೊ ನೀವೂ ನೋಡಿರುತ್ತೀರಿ. ಅದನ್ನು ನಾನು ಮೆಚ್ಚುವುದಿಲ್ಲ. ಮೇಲಿನಿಂದ ನೂರು ಕೆ.ಜಿ. ಕಬ್ಬಿಣ ಬೀಳುವಾಗ ಕೆಳಗೆ ಯಾರಾದರೂ ಇದ್ದಿದ್ದರೆ? ಆದರೂ ದಾರಿಹೋಕರು ಗಾಡಿ ನಿಲ್ಲಿಸಿ ಅಷ್ಟು ಸಿಟ್ಟು ತೋರಿಸಬೇಕಾದರೆ ಎಷ್ಟು ದಿನದಿಂದ ನುಂಗಿಕೊಂಡಿರಬೇಕು. ನಿಮ್ಮ ಬಾಬ್ತು ಉಳಿದ ಸವಾರರೂ ತೆರುತ್ತಿದ್ದಾರೆ. ಅಪಘಾತಗಳ ಕಾರಣ ಕೊಟ್ಟು 2022ರಿಂದ ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ದ್ವಿಚಕ್ರ ವಾಹನ ನಿಷೇಧಿಸಿದರು. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕುಗಳಿಗೆ ಜಾಗವೇ ಇಲ್ಲ. ಇದಕ್ಕೆಲ್ಲ ನೀವೊಬ್ಬರೇ ಕಾರಣ ಎನ್ನಲಾರೆ. ಆದರೆ ಬೈಕಿನವರ ಪರ ಯಾರಾದರೂ ಮಾತಾಡಲು ಹೊರಟರೆ ಎದುರಿನವರು ಮೊದಲು ತೋರಿಸುವುದು ನಿಮ್ಮ ವಿಡಿಯೊ.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದರಿಂದ ಯಾರೂ ಗಾಡಿ ಓಡಿಸಲು ಕಲಿತದ್ದಿಲ್ಲ. ಹದಿನೆಂಟು ತುಂಬದ ಹುಡುಗ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಅಪ್ಪನಿಗೋ ಗಾಡಿ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಗಂಗಾವತಿಯ ವೀಲಿಂಗ್ ಪ್ರಕರಣವೊಂದರಲ್ಲಿ 2025ರಲ್ಲಿ ಜಾಮೀನು ನಿರಾಕರಿಸಿದ ನಮ್ಮ ಹೈಕೋರ್ಟ್, ಇನ್ನೂ ಕಠಿಣ ಕಾನೂನು ತನ್ನಿ ಎಂದು ಸರ್ಕಾರಕ್ಕೆ ಹೇಳಿದೆ. ಅದೇ ವರ್ಷ ಜುಲೈನಲ್ಲಿ, ಅರಸೀಕೆರೆ ಹಾದಿಯಲ್ಲಿ 2014ರಲ್ಲಿ ನಡೆದಿದ್ದ ಕಾರು ಅಪಘಾತದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು: ಸತ್ತವನದೇ ಅತಿವೇಗ, ಅಜಾಗರೂಕತೆ ಸಾವಿಗೆ ಕಾರಣವಾಗಿದ್ದರೆ ಮನೆಯವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ.

ಇನ್ನು ನಿಮ್ಮ ದೂರು, ‘ಅಣ್ಣಾ, ನಮಗೆ ಜಾಗ ಎಲ್ಲಿದೆ?’ ಈ ದೂರು ನಿಜ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯ ಪಿಸ್ಸೆ ಬೆಂಗಳೂರಿನವರು. ಬಿಗ್ ಬಾಸ್ ಮನೆಯಲ್ಲಿ ನೀವು ಕಂಡ ಕೆ.ಪಿ. ಅರವಿಂದ್ ಉಡುಪಿಯವರು, ಡಕಾರ್ ಮುಗಿಸಿ ಬಂದವರು. ಇಷ್ಟು ಮಂದಿಯನ್ನು ಕೊಟ್ಟ ರಾಜ್ಯದಲ್ಲಿ ದೊಡ್ಡ ಬೈಕ್ ರೇಸ್ ನಡೆಸುವಂಥ ಒಂದು ಪೂರ್ಣ ಪ್ರಮಾಣದ ಟ್ರ್ಯಾಕ್ ಇಲ್ಲ. ಸರ್ಕಾರಕ್ಕೆ ಇದನ್ನು ಕೇಳುವುದು ನ್ಯಾಯ, ನಾನೂ ನಿಮ್ಮ ಜೊತೆ ನಿಂತು ಕೇಳುತ್ತೇನೆ. ಆದರೆ ಈಗ ಇರುವುದು ದೂರವೇನಲ್ಲ. ಸಂತೋಷ್ ಅವರು ಕೋಲಾರದ ಬಳಿ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕಿನಲ್ಲಿ ಮಣ್ಣಿನ ಮೇಲೆ ಗಾಡಿ ಹತೋಟಿ ಕಲಿಸುತ್ತಾರೆ. ಮಣ್ಣಿನಲ್ಲಿ ಕಲಿತ ಬಲಗೈ ಡಾಂಬರಿನಲ್ಲಿ ಮರೆಯುವುದಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಒಂದು ಸುತ್ತು 3.7 ಕಿ.ಮೀ., ಎದುರಿನಿಂದ ಲಾರಿ ಬರುವುದಿಲ್ಲ, ಬಿದ್ದರೆ ಆಂಬುಲೆನ್ಸ್ ಅಲ್ಲೇ ಇರುತ್ತದೆ. ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ.

ಟ್ರ್ಯಾಕ್ ಎಂದರೆ ಸಾವು ಬರದ ಜಾಗ ಎಂದು ಹೇಳಿ ನಿಮಗೆ ಸುಳ್ಳು ಮಾರುವುದಿಲ್ಲ. 2023ರ ಆಗಸ್ಟ್‌ನಲ್ಲಿ ಅದೇ ಚೆನ್ನೈ ಟ್ರ್ಯಾಕ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ರೇಸಿನಲ್ಲಿ ಬಿದ್ದು ತೀರಿಕೊಂಡ. ಬಹಳ ಪ್ರತಿಭೆಯ ಹುಡುಗ. ಹೆಲ್ಮೆಟ್, ಸೂಟು, ತರಬೇತಿ ಎಲ್ಲ ಇದ್ದೂ ಹಾಗಾಯಿತು. ಇವೊಂದೂ ಇಲ್ಲದೆ, ಟೀ ಶರ್ಟು ಚಪ್ಪಲಿಯಲ್ಲಿ, ಫ್ಲೈಓವರಿನ ಜಾಯಿಂಟ್ ಮೇಲೆ ನೀವು ಮಾಡುತ್ತಿರುವುದರ ಲೆಕ್ಕ ನೀವೇ ಹಾಕಿ.

ನಿಮ್ಮಲ್ಲಿ ಕೆಲವರಿಗೆ ನಿಜವಾದ ಕೈ ಇದೆ, ಅದನ್ನು ವಿಡಿಯೊದಲ್ಲೇ ಗುರುತಿಸಬಹುದು. ತೂಕ ಎಲ್ಲಿ ನಿಲ್ಲುತ್ತದೆ ಎಂಬುದು ಮೈಗೆ ಗೊತ್ತಿರುವ ಹುಡುಗರು ನೀವು. ಹತ್ತು ಸೆಕೆಂಡಿನ ರೀಲಿಗೆ ಆ ಕೈಯನ್ನು ಸವೆಸುವುದನ್ನು ನಾನು ಸಹಿಸಲಾರೆ.

ಕಿತ್ತಿಟ್ಟ ಎಬಿಎಸ್ ಫ್ಯೂಸ್ ಮತ್ತೆ ಹಾಕಿ. ನಂಬರ್ ಪ್ಲೇಟ್ ಬಿಚ್ಚಿದ್ದರೆ ಕಟ್ಟಿ. ಕೋನ್‌ಸೆಟ್, ಫೋರ್ಕ್ ಸೀಲ್ ಒಮ್ಮೆ ಮೆಕ್ಯಾನಿಕ್ಕಿಗೆ ತೋರಿಸಿ. ಈ ಶನಿವಾರ ರಾತ್ರಿ ಫ್ಲೈಓವರಿಗೆ ಹೋಗಬೇಡಿ. ಆ ಪೆಟ್ರೋಲಿನ ದುಡ್ಡು, ಆಯಿಲ್ ಸೀಲಿನ ದುಡ್ಡು ಕೂಡಿಟ್ಟು ನಾಲ್ಕು ಜನ ಸೇರಿ ಒಂದು ದಿನದ ತರಬೇತಿಗೆ ಹೆಸರು ಬರೆಸಿ. ಹಿಂದೆ ಕೂರುವ ಗೆಳೆಯನಿಗೆ ಮೊದಲು ಒಂದು ಹೆಲ್ಮೆಟ್ ಕೊಡಿಸಿ.

ಇಂತಿ,
ನಿಮ್ಮ ಹಾಗೇ ಗಾಡಿ ಹುಚ್ಚಿರುವ ಒಬ್ಬ ಅಣ್ಣ